ಬಿಗಿನರ್ ವಯಲಿನ್ ಸೆಟ್ಟು: ಮಡಿಕೇರಿ ಮಳೆಗೆ ತಡೆಯುತ್ತಾ?

ಬ್ಲೂಗ್ರಾಸ್ (ಅಮೆರಿಕದ ಒಂದು ಹಳ್ಳಿಗಾಡು ಸಂಗೀತ) ಫಿಡಲ್ ಕಲಿಯೋಕೆ ಬೇರೆ ವಾದ್ಯ ಬೇಡ, ಮಾಮೂಲಿ ವಯಲಿನ್ನೇ ಸಾಕು, ಕರ್ನಾಟಕ ಸಂಗೀತದ ಸ-ಪ-ಸ-ಪ ಬದಲು ಜಿ-ಡಿ-ಎ-ಇ ಶ್ರುತಿ ಮಾಡ್ಕೋಬೇಕು ಅಷ್ಟೇ. ಆನ್‌ಲೈನಲ್ಲಿ ತರಿಸಿದ ಈ ಸೆಟ್ಟಿನ ಸೌಂಡು ರೇಟಿಗೆ ತಕ್ಕ ಹಾಗಿದೆ, ಪರ್ವಾಗಿಲ್ಲ. ತಲೆನೋವು ತಂತಿ ಬಿಗಿ ಮಾಡೋ ಬಿರಡೆಗಳದ್ದು, ಜುಲೈ ಮಳೇಲಿ ಮರ ಉಬ್ಬಿ ತಿರುಗೋದೇ ಇಲ್ಲ, ಬೇಸಿಗೇಲಿ ಒಣಗಿ ತಾನಾಗೇ ಜಾರುತ್ತೆ, ಅದಕ್ಕೇ ಕೊಡಗಿನವ್ರು ನಾಲ್ಕೂ ತಂತಿಗೆ ಫೈನ್ ಟ್ಯೂನರ್ (ಶ್ರುತಿ ಚೂರುಚೂರೇ ಸರಿಮಾಡೋ ಪುಟ್ಟ ಸ್ಕ್ರೂ) ಇರೋದನ್ನೇ ತಗೊಳ್ಳಿ, ಕೇಸಲ್ಲಿ ಸಿಲಿಕಾ ಜೆಲ್ ಇಡಿ. ಜೊತೆಗೆ ಕೊಟ್ಟ ರೋಸಿನ್ (ಕಮಾನಿಗೆ ಉಜ್ಜೋ ರಾಳ) ವೇಸ್ಟು.

ಹೊಸಬ್ರು ಮೊದ್ಲು ಬೋ ಶಫಲ್ ಅನ್ನೋ ಕಮಾನಿನ ಲಯ ಹಿಡೀರಿ, ಒಂದು ಉದ್ದ ಎಳೆತ ಎರಡು ಗಿಡ್ಡ, ಬ್ಲೂಗ್ರಾಸ್ ಪಿತಾಮಹ ಬಿಲ್ ಮನ್ರೋ ಬ್ಯಾಂಡಿನ ಸ್ಪೀಡೆಲ್ಲ ಆಮೇಲೆ. ಎರಡು ತಂತಿ ಒಟ್ಟಿಗೆ ಎಳೆದ್ರೆ ಇದ್ರಲ್ಲೂ ಮಜಾ ಬರುತ್ತೆ, ಅಮ್ಮ ಮಾತ್ರ ಕಾಫಿ ಕಣಕ್ಕೆ ಹೋಗಿ ಬಾರ್ಸು ಅಂತಾರೆ. 5ಕ್ಕೆ 3.