ಅಚ್ಚಿನ ಪಿಡಿಎಫ್ ಜಾಲತಾಣಕ್ಕೆ ಬರುವಾಗ: ಚಂದಾ ಸೇವೆ, ಫೋಟೋಶಾಪ್, ಪಾಪ್ಲರ್

ಪಿಡಿಎಫ್ ಪುಟವನ್ನು ಚಿತ್ರವಾಗಿಸಲು ದುಡ್ಡು ಕೊಟ್ಟು ತೆಗೆದುಕೊಂಡ ಸೇವೆ ಮೂಲೆ ಸೇರಿ, ಬಿಟ್ಟಿಯಾಗಿ ಸಿಗುವ ಪಾಪ್ಲರ್ ಎಂಬ ತಂತ್ರಾಂಶ ಕೆಲಸಕ್ಕೆ ನಿಂತಿದೆ. ಇದನ್ನು ಹೋಲಿಕೆ ಎಂದು ಕರೆದರೂ ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಡುವ ಇರಾದೆ ಇಲ್ಲ.

ನಮ್ಮದು ಹವ್ಯಾಸಿ ನಾಟಕ ತಂಡ. ಅದರ ಜಾಲತಾಣ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರತಿ ಪ್ರಯೋಗಕ್ಕೂ ಕರಪತ್ರ, ಭಿತ್ತಿಪತ್ರ ಅಚ್ಚಾಗುತ್ತವೆ, ವರ್ಷಕ್ಕೊಂದು ಸ್ಮರಣ ಸಂಚಿಕೆ ಬರುತ್ತದೆ. ಮುದ್ರಣಾಲಯದವರು ಕೋರೆಲ್‌ಡ್ರಾದಲ್ಲಿ ಪುಟ ಕೂರಿಸಿ, ಅಚ್ಚಿಗೆ ಸಿದ್ಧವಾದ ಪಿಡಿಎಫ್ ಕಳಿಸುತ್ತಾರೆ: ಸುತ್ತ ಕತ್ತರಿ ಗುರುತು, 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗಲೆಂದು ಪುಟದ ಹೊರಗೆ ಚಾಚಿದ ಅಂಚು), ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣ. ಅದನ್ನು ಹಾಗೆಯೇ ತಾಣಕ್ಕೆ ಏರಿಸಿದರೆ ಮೊಬೈಲ್‌ನಲ್ಲಿ ಯಾರೂ ತೆರೆಯುವ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ಚಿತ್ರ ಮಾಡಬೇಕು, ಮಾಡಿದ್ದು ಮಸುಕಾಗಬಾರದು. ನಮ್ಮ ಲಿಪಿಯಲ್ಲಿ ಮಸುಕು ಎಂದರೆ ಬರೀ ಅಂದಗೇಡಲ್ಲ. ‘ದ’ಕ್ಕೂ ‘ಧ’ಕ್ಕೂ ನಡುವೆ ಇರುವುದು ಬುಡದ ಒಂದು ಸೀಳು, ‘ಪ’ಕ್ಕೂ ‘ಫ’ಕ್ಕೂ ಅಷ್ಟೇ. ಆ ಸೀಳು ಕರಗಿ, ದಾನಿಗಳ ಪಟ್ಟಿಯ ಮೇಲಿನ ‘ಧನಸಹಾಯ’ ‘ದನಸಹಾಯ’ವಾಗಿ ಕಂಡರೆ ದಾನಿಗಳಿಗೆ ನಗು ಬರುವುದಿಲ್ಲ.

ಚಂದಾ ಕಟ್ಟಿದ ಸೇವೆಯ ವಿಷಯ ಮೊದಲು ಮುಗಿಸುತ್ತೇನೆ. ಪಿಡಿಎಫ್ ಅನ್ನು ಬ್ರೌಸರ್‌ನಲ್ಲಿ ಎಳೆದು ಹಾಕಿದರೆ ಚಿತ್ರವಾಗಿಸಿ ಕೊಡುವ ತಾಣ ಅದು; ಉಚಿತ ಆವೃತ್ತಿಯಲ್ಲಿ ‘ಎಚ್‌ಡಿ’ ಬೀಗ ಹಾಕಿಕೊಂಡಿರುತ್ತದೆ, ಹಣ ಕಟ್ಟಿದರೆ ತೆರೆಯುತ್ತದೆ. ತಂಡದ ಖರ್ಚಿನಲ್ಲಿ ವರ್ಷದ ಚಂದಾ ಕಟ್ಟಿದೆವು. ಬಂದ ಎಚ್‌ಡಿ ಚಿತ್ರದ ಅಳತೆ ನೋಡಿದರೆ ಎ4 ಪುಟಕ್ಕೆ 1240×1754 ಪಿಕ್ಸೆಲ್. ಅಂದರೆ ಅಂಗುಲಕ್ಕೆ 150 ಪಿಕ್ಸೆಲ್. ಬೆರಳಿನಿಂದ ಹಿಗ್ಗಿಸಿ ಓದುವ ದಾನಿಗಳ ಪಟ್ಟಿಗೆ ಇದು ಸಾಲದು. ಅದರ ಮೇಲೆ ಬಿಗಿಯಾಗಿ ಒತ್ತಿದ ಜೆಪೆಗ್, ಅಕ್ಷರಗಳ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕೆಗಳು. ಗುಣಮಟ್ಟ ಬದಲಿಸುವ ಗುಂಡಿ ಎಲ್ಲಿಯೂ ಇಲ್ಲ. ದಾನಿಗಳ ಫೋನ್ ಸಂಖ್ಯೆಗಳಿರುವ ಕರಡನ್ನು ಯಾರದೋ ಸರ್ವರ್‌ಗೆ ಕಳಿಸಬೇಕಾಗುತ್ತದೆ ಎಂಬುದು ಬೇರೆಯೇ ತಕರಾರು.

ಸ್ಕ್ರೀನ್‌ಶಾಟ್: ಅವಸರಕ್ಕೆ ಸರಿ. ಆದರೆ ಕೆಲವು ಪಿಡಿಎಫ್ ಓದುಗಗಳು ಎಲ್‌ಸಿಡಿ ಪರದೆಗೆಂದು ಅಕ್ಷರದ ಅಂಚಿಗೆ ಕೆಂಪು, ನೀಲಿ ಛಾಯೆ ಹಚ್ಚುತ್ತವೆ. ಆ ಪರದೆಯ ಮೇಲೆ ಅದು ನುಣುಪಾಗಿ ಕಾಣುತ್ತದೆ, ಚಿತ್ರದಲ್ಲಿ ಹೆಪ್ಪುಗಟ್ಟಿದ ಮೇಲೆ ಮೊಬೈಲ್‌ನಲ್ಲಿ ಬಣ್ಣದ ಅಂಚಾಗಿಯೇ ಉಳಿಯುತ್ತದೆ.

ಆಜ್ಞೆ ಬರೆದು ಚಿತ್ರ ಬದಲಿಸುವ ಉಚಿತ ತಂತ್ರಾಂಶ ಇಮೇಜ್‌ಮ್ಯಾಜಿಕ್ ಬಗ್ಗೆ ಬಹಳ ಜನ ‘ಮಸುಕು’ ಎಂದು ದೂರುತ್ತಾರೆ. ಅದು ಪಿಡಿಎಫ್ ಅನ್ನು ತಾನು ಓದುವುದಿಲ್ಲ, ಗೋಸ್ಟ್‌ಸ್ಕ್ರಿಪ್ಟ್ ಎಂಬ ಇನ್ನೊಂದು ತಂತ್ರಾಂಶಕ್ಕೆ ವಹಿಸುತ್ತದೆ. ಸಾಂದ್ರತೆ, ಅಂದರೆ ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಎಂಬುದನ್ನು ಹೇಳದಿದ್ದರೆ 72 ಎಂದು ಹಿಡಿಯುತ್ತದೆ. ಆಗ ಎ4 ಪುಟ 595×842 ಪಿಕ್ಸೆಲ್ ಆಗಿ ಹೊರಬರುತ್ತದೆ. 8 ಪಾಯಿಂಟಿನ ಅಕ್ಷರಕ್ಕೆ ದಕ್ಕುವುದು 8 ಪಿಕ್ಸೆಲ್ ಎತ್ತರ. ತಲೆಕಟ್ಟು, ಗುಡಿಸು, ಒತ್ತು ಎಲ್ಲವೂ ಅದರಲ್ಲೇ ಹಿಡಿಸಬೇಕು. ಸಾಂದ್ರತೆ ಹೇಳುವ ಡೆನ್ಸಿಟಿ ಆಯ್ಕೆಯನ್ನು ಆಜ್ಞೆಯಲ್ಲಿ ಕಡತದ ಹೆಸರಿಗಿಂತ ಮುಂಚೆ ಬರೆಯಬೇಕು. ಹೆಸರಿನ ನಂತರ ಬರೆದರೆ ಓದಿ ಮುಗಿದ ಚಿತ್ರಕ್ಕೆ ಹೊಸ ಸಂಖ್ಯೆಯ ಚೀಟಿ ಅಂಟುತ್ತದೆಯೇ ಹೊರತು ಒಂದು ಪಿಕ್ಸೆಲ್ಲೂ ಹೆಚ್ಚುವುದಿಲ್ಲ. ಜೊತೆಗೆ, ಗೋಸ್ಟ್‌ಸ್ಕ್ರಿಪ್ಟ್‌ನ ಭದ್ರತಾ ಲೋಪಗಳು 2018ರಲ್ಲಿ ಬಯಲಾದ ಮೇಲೆ ಉಬುಂಟುವಿನಂಥ ಲಿನಕ್ಸ್ ವಿತರಣೆಗಳು ಇಮೇಜ್‌ಮ್ಯಾಜಿಕ್‌ಗೆ ಪಿಡಿಎಫ್ ಬಾಗಿಲು ಮುಚ್ಚಿದವು. ಪಾಲಿಸಿ ಕಡತ ತಿದ್ದದೆ ‘ಅನುಮತಿ ಇಲ್ಲ’ ಎನ್ನುತ್ತದೆ. ನಾನು ಇದನ್ನು ಕೊನೆಯಲ್ಲಿ ಚಿತ್ರ ಕುಗ್ಗಿಸುವುದಕ್ಕಷ್ಟೇ ಇಟ್ಟುಕೊಂಡಿದ್ದೇನೆ, ಆ ಕೆಲಸದಲ್ಲಿ ಅದು ಅಚ್ಚುಕಟ್ಟು.

ಫೋಟೋಶಾಪ್‌ನಲ್ಲಿ ತಪ್ಪು ಹುಡುಕುವುದು ಕಷ್ಟ. ಪಿಡಿಎಫ್ ತೆರೆಯುವಾಗಲೇ ಟ್ರಿಮ್ ಬಾಕ್ಸ್‌ವರೆಗೆ (ಕತ್ತರಿಸಿದ ಮೇಲೆ ಉಳಿಯುವ ಪುಟದ ಅಳತೆಗೆ) ಕತ್ತರಿಸು ಎನ್ನಬಹುದು, ಸಾಂದ್ರತೆ ಕೊಡಬಹುದು, ಸಿಎಂವೈಕೆಯಿಂದ ಪರದೆಯ ಎಸ್‌ಆರ್‌ಜಿಬಿಗೆ ಬಣ್ಣ ಬದಲಾಗುವುದನ್ನು ಕಣ್ಣೆದುರೇ ನಿಯಂತ್ರಿಸಬಹುದು. ಬಣ್ಣದ ವಿಷಯದಲ್ಲಿ ಇದೇ ಮೊದಲು. ಆದರೆ ಟಿಕೆಟ್ ಹಣದಲ್ಲಿ ರಂಗಮಂದಿರದ ಬಾಡಿಗೆ ಕಟ್ಟುವ ತಂಡ ಪ್ರತಿ ತಿಂಗಳು ಬಾಡಿಗೆ ತೆರುವಂಥ ತಂತ್ರಾಂಶ ಅಲ್ಲ ಅದು. ನನ್ನ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಅದನ್ನು ಹೊರುವುದೂ ಇಲ್ಲ. ಗೆಳೆಯರೊಬ್ಬರ ಯಂತ್ರದಲ್ಲಿ ಕೂತು ಪರೀಕ್ಷಿಸಿದೆ.

ಈಗ ಪಾಪ್ಲರ್. ಎಕ್ಸ್‌ಪಿಡಿಎಫ್ ಎಂಬ ಹಳೆಯ ಪಿಡಿಎಫ್ ಓದುಗದಿಂದ ಕವಲೊಡೆದು ಬೆಳೆದದ್ದು. ಲಿನಕ್ಸ್‌ನಲ್ಲಿ ಬಹುಮಟ್ಟಿಗೆ ಮೊದಲೇ ಇರುತ್ತದೆ. ಪಿಡಿಎಫ್‌ಟುಪಿಪಿಎಂ ಎಂಬ ಅದರ ಉಪಕರಣಕ್ಕೆ ಸಾಂದ್ರತೆ, ಪುಟ ಸಂಖ್ಯೆ, ಪಿಎನ್‌ಜಿ ಬೇಕೆಂಬ ಸೂಚನೆ ಕೊಟ್ಟರೆ ಸಾಕು. ಏನೂ ಹೇಳದಿದ್ದರೂ 150 ಹಿಡಿಯುತ್ತದೆ, ಅಂದರೆ ನಾವು ಹಣ ಕೊಟ್ಟ ಎಚ್‌ಡಿಯಷ್ಟು.

ಚಿತ್ರ ಮಾಡುವ ಮುಂಚೆ ಪಾಪ್ಲರ್‌ನದೇ ಪಿಡಿಎಫ್‌ಫಾಂಟ್ಸ್ ಉಪಕರಣ ಓಡಿಸುವುದು ನನ್ನ ರೂಢಿ. ಪ್ರತಿ ಫಾಂಟ್ ಕಡತದೊಳಗೆ ಅಡಕವಾಗಿದೆಯೇ ಎಂದು ಒಂದು ಕಾಲಂನಲ್ಲಿ ಹೌದು, ಇಲ್ಲ ಎಂದು ತೋರಿಸುತ್ತದೆ. ನುಡಿ, ಬರಹದ ಹಳೆಯ ಯೂನಿಕೋಡೇತರ ಫಾಂಟ್‌ಗಳಿಗೆ ‘ಇಲ್ಲ’ ಎಂದಿದ್ದು, ನನ್ನ ಯಂತ್ರದಲ್ಲೂ ಅವು ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುವುದು ಖಚಿತ. ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿಸಿ ಕಳಿಸಿ ಎಂದು ಮುದ್ರಣಾಲಯಕ್ಕೆ ಆಗಲೇ ಹೇಳಿಬಿಡುತ್ತೇನೆ.

ಪಾಪ್ಲರ್ ಕೈಕೊಟ್ಟದ್ದು ಒಂದೇ ಕಡೆ, ಕೊಟ್ಟದ್ದು ಮಾತ್ರ ಜೋರಾಗಿ. ಮೆರೂನ್ ಹಿನ್ನೆಲೆಯ ಮೇಲೆ ನಾಟಕದ ಹೆಸರು, ಹೆಸರಿಗೆ ಮೆತ್ತನೆಯ ನೆರಳು ಬಿಟ್ಟ ಭಿತ್ತಿಪತ್ರ. ಅಚ್ಚಾದ ಕಾಗದದಲ್ಲಿ ಏನೂ ಇಲ್ಲ. ಚಿತ್ರದಲ್ಲಿ ಮಾತ್ರ ಹೆಸರಿನ ಸುತ್ತ ಕೂದಲೆಳೆಯಂಥ ಬಿಳಿ ಗೆರೆಗಳು, ಅಡ್ಡಕ್ಕೂ ಉದ್ದಕ್ಕೂ, ಹಂಚಿನ ಮಾಡಿನ ಸಂದುಗಳಿಂದ ಬಿಸಿಲು ಇಣುಕಿದಂತೆ. ಸಾಂದ್ರತೆ ಹೆಚ್ಚಿಸಿದರೆ ಗೆರೆ ತೆಳ್ಳಗಾದವು, ಹೋಗಲಿಲ್ಲ.

ಮೂಲ ಇರುವುದು ಅಚ್ಚಿನ ಕಡತದಲ್ಲಿ. ಮುದ್ರಣಾಲಯಗಳು ನೆಚ್ಚಿಕೊಂಡಿರುವ ಪಿಡಿಎಫ್/ಎಕ್ಸ್-1ಎ ಮಾನಕದಲ್ಲಿ ಪಾರದರ್ಶಕತೆಗೆ ಅವಕಾಶವಿಲ್ಲ. ನೆರಳು ಎಂದರೆ ಪಾರದರ್ಶಕತೆ. ಹಾಗಾಗಿ ರಫ್ತು ಮಾಡುವಾಗ ತಂತ್ರಾಂಶ ನೆರಳನ್ನೂ ಹಿನ್ನೆಲೆಯನ್ನೂ ಬೆಸೆದು, ಚೂರು ಚೂರಾಗಿ ಕತ್ತರಿಸಿ, ಅಕ್ಕಪಕ್ಕ ಜೋಡಿಸಿಡುತ್ತದೆ. ಚೂರುಗಳ ನಡುವೆ ನಿಜವಾಗಿ ಸಂದಿಲ್ಲ. ಆದರೆ ಅಂಚು ಯಾವುದೋ ಪಿಕ್ಸೆಲ್‌ನ ನಟ್ಟನಡುವೆ ಬಿದ್ದಿತು ಎನ್ನಿ. ಅಂಚನ್ನು ಮೆತ್ತಗಾಗಿಸುವ ಆಂಟಿ-ಏಲಿಯಾಸಿಂಗ್ ಮೊದಲ ಚೂರಿಗೆ ಅರ್ಧ ಬಣ್ಣ ಬಳಿಯುತ್ತದೆ, ಅರ್ಧ ಕಾಗದದ ಬಿಳಿ ಉಳಿಯುತ್ತದೆ. ಎರಡನೆಯ ಚೂರು ಬಂದು, ಉಳಿದದ್ದನ್ನೆಲ್ಲ ತುಂಬುವ ಬದಲು ಅದರ ಅರ್ಧವನ್ನು ಮುಚ್ಚುತ್ತದೆ. ಕಾಲು ಭಾಗ ಬಿಳಿ ಹಾಗೆಯೇ ನಿಲ್ಲುತ್ತದೆ. ಅದೇ ಗೆರೆ.

ಚಂದಾ ಸೇವೆಯ ಚಿತ್ರದಲ್ಲೂ ಈ ಗೆರೆಗಳಿದ್ದವು. ವಿಚಾರಿಸಿದರೆ ‘ನಿಮ್ಮ ಕಡತವೇ ಹಾಗಿದೆ’ ಎಂಬ ಉತ್ತರ ಬಂತು, ಅರ್ಧ ನಿಜವಾದ್ದರಿಂದ ಇನ್ನಷ್ಟು ಸಿಟ್ಟು ಬಂತು. ಗೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಅಂಚು ನುಣುಪಾಗಿಸುವ ಗ್ರಾಫಿಕ್ಸ್ ಆಲ್ಫಾ ಬಿಟ್ಸ್ ಆಯ್ಕೆಗೆ 4 ಎಂದು ಕೊಟ್ಟಾಗ ಅಲ್ಲಿಯೂ ಅದೇ ಕಥೆ. ಅಕ್ರೋಬ್ಯಾಟ್ ಸಹ ಪರದೆಯ ಮೇಲೆ ಇವನ್ನು ತೋರಿಸುತ್ತದೆ, ಆದರೆ ಅದರಲ್ಲಿ ರೇಖಾಚಿತ್ರ ನುಣುಪಾಗಿಸುವ ಆಯ್ಕೆಯ ಟಿಕ್ ತೆಗೆದರೆ ಮಾಯವಾಗುತ್ತವೆ. ದಾರಿ ತೋರಿಸಿದ್ದು ಆ ಟಿಕ್ಕೇ.

ಪಾಪ್ಲರ್‌ನಲ್ಲೂ ಹಾಗೆ ಮಾಡಬಹುದು: ಎಎವೆಕ್ಟರ್ ಎಂಬ ಆಯ್ಕೆಗೆ ‘ನೋ’ ಎನ್ನುವುದು. ಆಗ ಪ್ರತಿ ಪಿಕ್ಸೆಲ್ ಒಂದೋ ಪೂರ್ತಿ ತುಂಬುತ್ತದೆ, ಇಲ್ಲವೋ ಖಾಲಿ. ಕಾಲು ಭಾಗದ ಬಿಳಿಗೆ ಜಾಗವೇ ಇಲ್ಲ. ಇದರಿಂದ ಅಂಚುಗಳು ಗರಗಸದ ಹಲ್ಲಿನಂತಾಗುತ್ತವೆ, ನಿಜ. ಅದಕ್ಕೇ ಬೇಕಾದ್ದಕ್ಕಿಂತ ಹಲವು ಪಟ್ಟು ದೊಡ್ಡದಾಗಿ ಚಿತ್ರಿಸಿ ಆಮೇಲೆ ಕುಗ್ಗಿಸಬೇಕು. ಡೆಮಿ 1/8 ಕರಪತ್ರ 5.5×8.5 ಅಂಗುಲ. 1200 ಸಾಂದ್ರತೆಯಲ್ಲಿ 6600×10200 ಪಿಕ್ಸೆಲ್ ಆಗುತ್ತದೆ. ಕತ್ತರಿ ಗುರುತಿನ ಹೊರಗಿನದ್ದನ್ನೆಲ್ಲ, ಪ್ರತಿ ಬದಿಯ 142 ಪಿಕ್ಸೆಲ್ ಬ್ಲೀಡನ್ನೂ ಸೇರಿಸಿ, ಕತ್ತರಿಸಿ ತೆಗೆದು, ಅಗಲವನ್ನು 1600ಕ್ಕೆ ಇಳಿಸುತ್ತೇನೆ. ನಮ್ಮ ತಾಣದ ಅಂಕಣ 800 ಅಗಲ. ಸಾಂದ್ರ ಪರದೆಗಳಿಗೆ ಅದರ ಎರಡರಷ್ಟು ಬೇಕು. ಕುಗ್ಗುವಾಗ ಅಡ್ಡಕ್ಕೂ ಉದ್ದಕ್ಕೂ ಸುಮಾರು ನಾಲ್ಕು ಪಟ್ಟಿರುವ ಪಿಕ್ಸೆಲ್‌ಗಳ ಸರಾಸರಿಯಿಂದ ಅಂಚು ತಾನಾಗಿ ನುಣುಪಾಗುತ್ತದೆ, ಗೆರೆ ಇರುವುದಿಲ್ಲ. ‘ಧ’ದ ಸೀಳು ಸ್ವಚ್ಛವಾಗಿ ಕೂರುತ್ತದೆ.

ಇದರ ಬೆಲೆ ಸಮಯ. ಒತ್ತದ ಸ್ಥಿತಿಯಲ್ಲಿ ಒಂದು ಪುಟ 200 ಎಂಬಿ ಆಸುಪಾಸು ತಿನ್ನುತ್ತದೆ, ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಸ್ಮರಣ ಸಂಚಿಕೆಯ ಪುಟಗಳನ್ನು ಒಟ್ಟಿಗೆ ಕೊಟ್ಟು ಊಟಕ್ಕೆ ಏಳುವುದು ನನ್ನ ಪದ್ಧತಿ. ಗೋಸ್ಟ್‌ಸ್ಕ್ರಿಪ್ಟ್ ಈ ದೊಡ್ಡದು ಮಾಡಿ ಕುಗ್ಗಿಸುವ ಕೆಲಸವನ್ನು ಡೌನ್‌ಸ್ಕೇಲ್ ಫ್ಯಾಕ್ಟರ್ ಎಂಬ ಒಂದೇ ಆಯ್ಕೆಯಲ್ಲಿ ಮಾಡಿಕೊಡುತ್ತದೆ, ನ್ಯಾಯವಾಗಿ ಹೇಳಬೇಕಾದ ಮಾತು. ಆದರೆ ಅದರ ಆಜ್ಞಾಸಾಲು ನನಗೆ ನೆನಪಿನಲ್ಲಿ ನಿಲ್ಲುವುದಿಲ್ಲ.

ಪಾಪ್ಲರ್‌ನ ಕಪ್ಪು ಪೂರ್ತಿ ಕಪ್ಪಲ್ಲ ಎಂಬುದನ್ನೂ ಹೇಳಬೇಕು. ಅಚ್ಚಿನ ನೂರಕ್ಕೆ ನೂರು ಕಪ್ಪು ಶಾಯಿ, 0 ಎಂದರೆ ಪೂರ್ತಿ ಕಪ್ಪು ಎನ್ನುವ ಪರದೆಯ ಅಳತೆಯಲ್ಲಿ, ಕೆಂಪು 35, ಹಸಿರು 31, ನೀಲಿ 32 ಆಗಿ ಬರುತ್ತದೆ. ಕಾಗದದ ಮೇಲಿನ ಶಾಯಿಗೆ ಅದು ಪ್ರಾಮಾಣಿಕ, ಪರದೆಗೆ ಕೊಂಚ ಸಪ್ಪೆ. ಚಿತ್ರ ತಿದ್ದುವ ತಂತ್ರಾಂಶದ ಲೆವೆಲ್ಸ್‌ನಲ್ಲಿ ಕಪ್ಪಿನ ಕಡೆಯ ತುದಿಯನ್ನು ಎಳೆದರೆ ಮುಗಿಯಿತು.

ಇಷ್ಟು ಮಾಡಿ ಜೆಪೆಗ್‌ನಲ್ಲಿ ಉಳಿಸಿದರೆ ಮತ್ತೆ ಕೆಡುತ್ತದೆ, ಅದರಲ್ಲೂ ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಬಂದರೆ. ಕನ್ನಡದ ಆಮಂತ್ರಣ, ರಾಜ್ಯೋತ್ಸವದ ಕರಪತ್ರಗಳಲ್ಲಿ ಆ ಜೋಡಿ ಬಿಟ್ಟು ಬೇರೆ ಬಣ್ಣವನ್ನು ಯಾರು ಕೇಳುತ್ತಾರೆ? ಸಾಮಾನ್ಯ ಜೆಪೆಗ್ ಬೆಳಕು-ನೆರಳನ್ನು ಪೂರ್ತಿ ಸಾಂದ್ರತೆಯಲ್ಲಿ ಇಟ್ಟು, ಬಣ್ಣವನ್ನು ಮಾತ್ರ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುತ್ತದೆ; 4:2:0 ಎನ್ನುವುದು ಇದನ್ನೇ. ಫೋಟೋದಲ್ಲಿ ಕಣ್ಣಿಗೆ ತಿಳಿಯುವುದಿಲ್ಲ. ಕೆಂಪು ಅಕ್ಷರದ ಅಂಚಿನಲ್ಲಿ ಕಿತ್ತಳೆ ಹೊಗೆ ಎದ್ದು ಕಾಣುತ್ತದೆ. ಬಣ್ಣವನ್ನೂ ಇಳಿಸದ 4:4:4 ಆಯ್ಕೆ ಮಾಡಬೇಕು ಅಥವಾ ಪಿಎನ್‌ಜಿ ಸಾಕು. ನಾಲ್ಕೈದು ಬಣ್ಣದ ಕರಪತ್ರವನ್ನು ಪಿಎನ್‌ಜಿಕ್ವಾಂಟ್ ಎಂಬ ಉಪಕರಣದಿಂದ 256 ಬಣ್ಣಕ್ಕೆ ಇಳಿಸಿದರೆ ಗಾತ್ರವೂ ಹಿಡಿತಕ್ಕೆ ಬರುತ್ತದೆ. ವೆಬ್‌ಪಿ ಇಷ್ಟಪಡುವವರು ಗಮನಿಸಿ: ಅದರ ನಷ್ಟಸಹಿತ ರೂಪದಲ್ಲಿ 4:2:0 ಬಿಟ್ಟು ಗತಿಯಿಲ್ಲ, ನಷ್ಟರಹಿತ ರೂಪ ಬಳಸಿ. ಜಾಲತಾಣ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ 5.3ರಿಂದ ಈಚೆಗೆ 2560 ಪಿಕ್ಸೆಲ್ ಮೀರಿದ ಜೆಪೆಗ್ ಚಿತ್ರವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ, ಆದ್ದರಿಂದ ಅದಕ್ಕಿಂತ ದೊಡ್ಡದನ್ನು ಏರಿಸಿ ಲಾಭವಿಲ್ಲ. ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೂ ಪರದೆ ಓದುಗಕ್ಕೂ ಸಿಗುವುದಿಲ್ಲವಾದ್ದರಿಂದ ನಾಟಕ, ದಿನ, ಸ್ಥಳವನ್ನು ಕೆಳಗೆ ಯೂನಿಕೋಡ್‌ನಲ್ಲಿ ಬರೆದೇ ತೀರಬೇಕು.

ಪಿಕ್ಸೆಲ್ ಬದಲು ರೇಖೆ, ಆಕಾರಗಳಾಗಿ ಚಿತ್ರ ಉಳಿಸುವ ಎಸ್‌ವಿಜಿ ಏಕೆ ಬೇಡ ಎಂದು ಕೇಳುವವರಿದ್ದಾರೆ. ಬರೀ ಅಕ್ಷರಗಳ ಪುಟಕ್ಕೆ ಬೇಕು. ಪಾಪ್ಲರ್‌ನದೇ ಪಿಡಿಎಫ್‌ಟುಕೈರೋ ಒಂದು ಆಜ್ಞೆಯಲ್ಲಿ ಮಾಡಿಕೊಡುತ್ತದೆ, ಎಷ್ಟು ಹಿಗ್ಗಿಸಿದರೂ ಚೂಪು. ಫೋಟೋ, ನೆರಳು ಸೇರಿದರೆ ಕಡತ ಊದುತ್ತದೆ, ಚೂರುಗಳ ಗೆರೆ ಬ್ರೌಸರ್‌ನಲ್ಲಿ ಮತ್ತೆ ಹುಟ್ಟುತ್ತದೆ.

ನನ್ನ ಆಯ್ಕೆಯ ಹಿಂದೆ ನನ್ನ ಅಭ್ಯಾಸವೂ ಇದೆ. ಆಜ್ಞೆ ಬರೆದು ಬಿಟ್ಟರೆ ಮುಂದಿನ ನಾಟಕಕ್ಕೂ ಅದೇ ನಡೆಯಬೇಕು, ಕೈಯಲ್ಲಿ ಮತ್ತೆ ಮತ್ತೆ ಗುಂಡಿ ಒತ್ತುವ ತಾಳ್ಮೆ ನನಗಿಲ್ಲ. ಬಣ್ಣದ ಫೋಟೋಗಳೇ ತುಂಬಿದ ಪತ್ರಿಕೆ ನಡೆಸುವವರು, ತಿಂಗಳ ಬಾಡಿಗೆ ಭಾರವಾಗದವರು ಫೋಟೋಶಾಪ್ ಹಿಡಿಯಲಿ. ಅಲ್ಲಿಯೂ ಆಂಟಿ-ಏಲಿಯಾಸಿಂಗ್ ಟಿಕ್ ತೆಗೆದು ದೊಡ್ಡದಾಗಿ ತೆರೆಯಬೇಕು. ಆಜ್ಞಾಸಾಲು ಕಂಡರೆ ಹೆದರುವವರಿಗೆ ಚಿತ್ರ ತಿದ್ದುವ ಉಚಿತ ತಂತ್ರಾಂಶ ಜಿಂಪ್ ಇದೆ. ಪಿಡಿಎಫ್ ತೆರೆಯಲು ಅದು ಒಳಗೊಳಗೆ ಬಳಸುವುದು ಪಾಪ್ಲರನ್ನೇ. ಆಮದು ಕಿಟಕಿಯಲ್ಲಿ ಸಾಂದ್ರತೆ 1200 ಮಾಡಿ, ಆಂಟಿ-ಏಲಿಯಾಸಿಂಗ್ ಟಿಕ್ ತೆಗೆಯಿರಿ, ಪುಟಗಳನ್ನು ಒಂದೊಂದಾಗಿ ತೆರೆಯಿರಿ. ಎಲ್ಲವನ್ನೂ ಒಟ್ಟಿಗೆ ತೆರೆದರೆ ನನ್ನದರಂಥ ಲ್ಯಾಪ್‌ಟಾಪ್ ಅಲ್ಲೇ ಕುಸಿದು ಕೂರುತ್ತದೆ.