ಕಾಯಿಲೆ ಕೇಳುವ ಕೌಂಟರ್, ಕಾರ್ಡ್ ಕೇಳುವ ಕೌಂಟರ್: ಬೈಲಕುಪ್ಪೆ ನಿರಾಶ್ರಿತರಿಗೆ ಸರ್ಕಾರಿ ಆರೋಗ್ಯ ಸೇವೆ ಎಷ್ಟು ದಕ್ಕುತ್ತದೆ?

ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರ ಮೊದಲ ಕ್ಯಾಂಪ್ ಶುರುವಾದದ್ದು 1960–61ರಲ್ಲಿ, ಎರಡನೆಯದು 1969ರಲ್ಲಿ. ಆಗಿನ ಮೈಸೂರು ರಾಜ್ಯ ಸರ್ಕಾರ ಕಾಡುಭೂಮಿ ಕೊಟ್ಟು ನೆಲೆ ಮಾಡಿಸಿತು. ಈಗ ಅಲ್ಲಿರುವುದು ಮೂರನೇ ತಲೆಮಾರು. ಇವರಿಗೆ ನಮ್ಮ ಜಿಲ್ಲೆಯ ಸರ್ಕಾರಿ ಆರೋಗ್ಯ ಸೇವೆ ಹೇಗೆ ಸಿಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವುದರ ವಿಮರ್ಶೆ ಇದು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕಾಯಿಲೆ ಏನು ಎಂದು ಕೇಳುವ ಸೇವೆಗಳು ಚೆನ್ನಾಗಿವೆ. ಕಾರ್ಡ್ ಯಾವುದು ಎಂದು ಕೇಳುವ ಸೇವೆಗಳು ಕೈಕೊಡುತ್ತವೆ.

ಎಲ್ಲಕ್ಕಿಂತ ಒಳ್ಳೆಯ ಅಂಕ ಟಿಬಿ ಕಾರ್ಯಕ್ರಮಕ್ಕೆ. ಟಿಬೆಟಿನ ನಿರಾಶ್ರಿತರಲ್ಲಿ ಕ್ಷಯ ಹೆಚ್ಚು. ಮಠಗಳಲ್ಲಿ, ಹಾಸ್ಟೆಲುಗಳಲ್ಲಿ ಒಂದೇ ಕೋಣೆಯಲ್ಲಿ ಹಲವರು ಮಲಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಉಚಿತ. ಕಫ ಎಂದರೆ ಎದೆಯಾಳದಿಂದ ಕೆಮ್ಮಿ ತೆಗೆದದ್ದು, ಬಾಯಿಯ ಎಂಜಲಲ್ಲ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ ತೆಗೆದ ಮಾದರಿಯೇ ಉತ್ತಮ. ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರದಲ್ಲಿ ಹಾಕಿದರೆ ರೋಗ ಇದೆಯೇ ಎನ್ನುವುದರ ಜೊತೆಗೆ ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎನ್ನುವುದೂ ಗೊತ್ತಾಗುತ್ತದೆ. ಮಾಮೂಲಿ ಟಿಬಿಗೆ ಚಿಕಿತ್ಸೆ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಉಳಿದ ನಾಲ್ಕು ತಿಂಗಳು ಮೂರು ಔಷಧಿಯದು. ದಿನದ ಲೆಕ್ಕ ತೂಕದ ಮೇಲೆ: 35ರಿಂದ 49 ಕೆ.ಜಿ.ಗೆ 3 ಮಾತ್ರೆ, 50ರಿಂದ 64 ಕೆ.ಜಿ.ಗೆ 4. ಹಾಗಾಗಿ ಪ್ರತಿ ತಿಂಗಳು ತೂಕ ನೋಡಿಸಬೇಕು. ಇದಕ್ಕೆಲ್ಲ ಪೌರತ್ವದ ಕಾಗದ ಯಾರೂ ಕೇಳುವುದಿಲ್ಲ, ಕೇಳಲೂಬಾರದು.

ಎಡವುವುದು ಎರಡು ಕಡೆ. ಒಂದು, ಸ್ವೆಟರ್ ಸೀಸನ್. ಅಕ್ಟೋಬರಿನಿಂದ ಜನವರಿವರೆಗೆ ಕ್ಯಾಂಪಿನ ಎಷ್ಟೋ ಕುಟುಂಬಗಳು ಉಣ್ಣೆ ಬಟ್ಟೆ ಮಾರಲು ಊರೂರಿಗೆ ಹೋಗುತ್ತವೆ. ಮಾತ್ರೆ ನಡುವೆ ನಿಂತರೆ ರೋಗ ಮರಳುತ್ತದೆ, ಔಷಧಿಗೆ ಬಗ್ಗದ ಟಿಬಿಯಾಗುವ ಅಪಾಯವೂ ಇದೆ. ಹೊರಡುವ ಮುನ್ನ ಮಾಡಬೇಕಾದದ್ದು ಇಷ್ಟೇ: ತಮ್ಮ ನಿಕ್ಷಯ್ ಐಡಿ (ಸರ್ಕಾರದ ಟಿಬಿ ನೋಂದಣಿ ಜಾಲದಲ್ಲಿ ರೋಗಿಗೆ ಕೊಡುವ ನಂಬರು) ಬರೆದುಕೊಂಡು, ಹೋಗುವ ಊರಿನ ಟಿಬಿ ಘಟಕಕ್ಕೆ ವರ್ಗಾವಣೆ ಮಾಡಿಸಿ, ದಾರಿಗೆ ಬೇಕಾದಷ್ಟು ಮಾತ್ರೆ ಕೇಳಿ ತೆಗೆದುಕೊಳ್ಳುವುದು. ಎರಡು, ಪೋಷಣೆಯ ಹಣ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಆರು ತಿಂಗಳ ಚಿಕಿತ್ಸೆಗೆ ತಲಾ 3,000ದ ಎರಡು ಕಂತು. ಬ್ಯಾಂಕ್ ಖಾತೆಯ ಹೆಸರು ಒಂದು, ನಿಕ್ಷಯ್‌ನಲ್ಲಿ ಬರೆದ ಹೆಸರು ಇನ್ನೊಂದು ಆದರೆ ಹಣ ಬರುವುದಿಲ್ಲ. ಟಿಬೆಟಿಯನ್ನರಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಒಂದೇ ಬೀದಿಯಲ್ಲಿ ಹತ್ತು ಜನ ತೆನ್ಜಿನ್ ಇರುತ್ತಾರೆ, ಒಬ್ಬೊಬ್ಬರ ಕಾಗದದಲ್ಲಿ ಒಂದೊಂದು ಸ್ಪೆಲಿಂಗ್. ನೋಂದಣಿ ಮಾಡುವಾಗಲೇ ಪಾಸ್‌ಬುಕ್ ಮುಂದಿಟ್ಟು ಅಕ್ಷರ ಅಕ್ಷರ ತಾಳೆ ನೋಡಿದರೆ ಈ ತೊಂದರೆಯ ಮುಕ್ಕಾಲು ಪಾಲು ತೀರುತ್ತದೆ.

ಲಿವರ್‌ಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ವಿಚಾರವನ್ನು ಟಿಬಿ ಜೊತೆಗೇ ಹೇಳಬೇಕು. ಅದೂ ಈ ಸಮುದಾಯದಲ್ಲಿ ಹೆಚ್ಚು. ಟಿಬಿಯ ನಾಲ್ಕು ಔಷಧಿಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಈ ಮೂರೂ ಲಿವರ್‌ಗೆ ಭಾರ. ಹೆಪಟೈಟಿಸ್ ಬಿ ಇರುವುದು ಗೊತ್ತಿಲ್ಲದೆ ಮಾತ್ರೆ ಶುರುಮಾಡಿದರೆ ಕಾಮಾಲೆಗೆ ತಿರುಗುವ ಅಪಾಯ ಜಾಸ್ತಿ. ಆದ್ದರಿಂದ ಮೊದಲ ದಿನವೇ ಹೆಪಟೈಟಿಸ್ ಬಿ ಪತ್ತೆಹಚ್ಚುವ ಎಚ್‌ಬಿಎಸ್‌ಎಜಿ ಮತ್ತು ಲಿವರ್ ಪರೀಕ್ಷೆ ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಆದರೆ ಇದು ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ, ಇದು ಕಾರ್ಯಕ್ರಮದ ದೊಡ್ಡ ಕೊರತೆ.

ಬಸುರಿ ಬಾಣಂತಿಯರ ಸೇವೆ ಚೆನ್ನಾಗಿದೆ. ತಾಯಿ ಕಾರ್ಡ್ ಒಂದಿದ್ದರೆ ತಪಾಸಣೆ, ಲಸಿಕೆ ಎಲ್ಲ ನಡೆಯುತ್ತದೆ. ಗಮನವಿಡಬೇಕಾದ ಒಂದು ಜಾಗ ಮಾತ್ರ ಇದೆ: ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಮಗುವಿಗೆ 24 ಗಂಟೆಯೊಳಗೆ ಹುಟ್ಟಿನ ಡೋಸ್ ಲಸಿಕೆ ಬೀಳಬೇಕು, ಜೊತೆಗೆ ಇಮ್ಯುನೋಗ್ಲೋಬುಲಿನ್, ಅಂದರೆ ಸಿದ್ಧ ರೋಗನಿರೋಧಕದ ಇಂಜೆಕ್ಷನ್ನೂ. ಲಸಿಕೆ ಸುಲಭವಾಗಿ ಸಿಗುತ್ತದೆ, ಇಂಜೆಕ್ಷನ್ ಎಲ್ಲ ಕಡೆ ಇರುವುದಿಲ್ಲ. ಹೆರಿಗೆಯ ತಿಂಗಳು ಹತ್ತಿರ ಬರುವಾಗಲೇ ಆಸ್ಪತ್ರೆಯ ಫ್ರಿಜ್‌ನಲ್ಲಿ ಇದೆಯೇ ಎಂದು ವಿಚಾರಿಸಿಟ್ಟುಕೊಳ್ಳಬೇಕು. ಭಾನುವಾರ ರಾತ್ರಿ ನೋವು ಬಂದಮೇಲೆ ಹುಡುಕಿದರೆ ಹೊತ್ತು ಮೀರಿರುತ್ತದೆ.

ಇನ್ನು ಕಾರ್ಡ್ ಕೇಳುವ ಸೇವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಆ ರೇಷನ್ ಕಾರ್ಡ್ ತೋರಿಸಲಾಗದವರು ‘ಸಾಮಾನ್ಯ ರೋಗಿ’. ಅವರಿಗೆ ಸರ್ಕಾರ ಕೊಡುವುದು ಆ ಚಿಕಿತ್ಸೆಗೆ ತಾನು ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ಮೀರದಂತೆ. 1 ಲಕ್ಷದ ಆಪರೇಷನ್ ಆದರೆ 70,000 ಕೈಯಿಂದ ಹೋಗುತ್ತದೆ. ರೇಷನ್ ಕಾರ್ಡ್ ಕೊಡುವುದು ಮನೆ ಲೆಕ್ಕದಲ್ಲಿ. ಮಠದಲ್ಲಿ ಬೆಳೆದ ಭಿಕ್ಷುವಿಗೆ ಆ ಅರ್ಥದ ಮನೆಯೇ ಇಲ್ಲ. ಯೋಜನೆ ಬರೆದವರ ಕಣ್ಣಿಗೆ ಕುಟುಂಬ ಕಂಡಿತು, ಮಠ ಕಾಣಲಿಲ್ಲ. ನಮ್ಮ ವಿಮರ್ಶೆಯಲ್ಲಿ ಇದಕ್ಕೆ ಅತಿ ಕಡಿಮೆ ಅಂಕ. ದೇಶಾಂತರದಲ್ಲಿರುವ ಟಿಬೆಟಿಯನ್ ಆಡಳಿತದ ಆರೋಗ್ಯ ಇಲಾಖೆ 2012ರಲ್ಲಿ ಶುರುಮಾಡಿದ ಮೆಡಿಕೇರ್ ಎಂಬ ವಿಮೆ ಒಂದಿದೆ. ಅದರ ವಂತಿಗೆ ಕಟ್ಟುವುದನ್ನು ಬಿಡಬಾರದು.

ರೆಫರಲ್ ಚೀಟಿಯ ತೊಡಕು ಬೇರೆ. ಬೈಲಕುಪ್ಪೆಗೆ ಹತ್ತಿರದ ಪೇಟೆ ಕುಶಾಲನಗರ, ಐದಾರು ಕಿಲೋಮೀಟರ್. ಆದರೆ ಕಾವೇರಿ ದಾಟಿದರೆ ಕೊಡಗು ಜಿಲ್ಲೆ. ತಮ್ಮ ಜಿಲ್ಲೆಯ ದೊಡ್ಡಾಸ್ಪತ್ರೆಗಳು ಇರುವುದು 80 ಕಿಲೋಮೀಟರಿಗೂ ದೂರದ ಮೈಸೂರಿನಲ್ಲಿ: ಕೆ.ಆರ್. ಆಸ್ಪತ್ರೆ, ಹೆರಿಗೆಗೆ ಮತ್ತು ಮಕ್ಕಳಿಗೆ ಚೆಲುವಾಂಬ, ಹೃದಯಕ್ಕೆ ಜಯದೇವ. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಚಿಕಿತ್ಸೆಯ ಪಟ್ಟಿಯಲ್ಲಿರುವುದಕ್ಕೆ ಬೇಡ. ಎದೆನೋವು, ಅಪಘಾತ ಎಂದಾಗ ಚೀಟಿಗಾಗಿ ಕಾಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಗೋಜಲಿನ ಬೇರು ಕಾನೂನಿನಲ್ಲಿದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ಇಲ್ಲಿಲ್ಲ. ಕಾಗದದ ಮೇಲೆ ಇವರು ವಿದೇಶಿಯರು. 2014ರ ಟಿಬೆಟಿಯನ್ ಪುನರ್ವಸತಿ ನೀತಿ ಸರ್ಕಾರಿ ಯೋಜನೆಗಳ ಲಾಭ ಇವರಿಗೂ ಸಿಗಲಿ ಎಂದು ರಾಜ್ಯಗಳಿಗೆ ಹೇಳುತ್ತದೆ. ಅದು ನೀತಿ ಅಷ್ಟೇ, ಕೌಂಟರಿನಲ್ಲಿ ಕೂತವರಿಗೆ ಅದರ ಹೆಸರೂ ತಿಳಿದಿರುವುದಿಲ್ಲ. ತಿರುವನಂತಪುರದ ಸಂಸದ ಶಶಿ ತರೂರ್ 2015ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಆಶ್ರಯ ಕುರಿತ ಖಾಸಗಿ ಮಸೂದೆ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ) ಮಂಡಿಸಿದರು, 2022ರಲ್ಲಿ ಮತ್ತೆ ಮಂಡಿಸಿದರು. ಅವರ ವಾದದ ತಿರುಳು: ಆಶ್ರಯ ಕೊಡುವ ಪರಂಪರೆ ನಮ್ಮಲ್ಲಿದೆ, ಆದರೆ ಒಂದೊಂದು ಗುಂಪಿಗೆ ಒಂದೊಂದು ಬಗೆಯಲ್ಲಿ ನಡೆದುಕೊಳ್ಳುತ್ತಿದ್ದೇವೆ, ಎಲ್ಲರಿಗೂ ಒಂದೇ ಕಾನೂನು ಬೇಕು. ಈ ವಾದ ನಮಗೆ ಒಪ್ಪಿಗೆ. ಹಕ್ಕು ಕಾನೂನಿನಲ್ಲಿ ಬರೆದಿದ್ದರೆ ಸಾಫ್ಟ್‌ವೇರಿನಲ್ಲೂ ಅದಕ್ಕೊಂದು ಖಾನೆ ಬಂದೇ ಬರುತ್ತದೆ. ಮಸೂದೆ ಕಾನೂನಾಗಲಿಲ್ಲ. 1970ರ ನಂತರ ಖಾಸಗಿ ಸದಸ್ಯರ ಒಂದು ಮಸೂದೆಯೂ ಸಂಸತ್ತಿನ ಎರಡೂ ಸದನ ದಾಟಿ ಕಾನೂನಾಗಿಲ್ಲ.

ಅಲ್ಲಿಯವರೆಗೆ ಕೈಯಲ್ಲಿರುವುದು ಸಂವಿಧಾನದ 21ನೇ ವಿಧಿ. ಅದರಲ್ಲಿರುವ ಮಾತು ‘ವ್ಯಕ್ತಿ’, ‘ಪ್ರಜೆ’ ಅಲ್ಲ. ಸರ್ಕಾರಿ ಆಸ್ಪತ್ರೆ ಸಕಾಲಕ್ಕೆ ಚಿಕಿತ್ಸೆ ಕೊಡದಿದ್ದರೆ ಆ ವಿಧಿಯ ಉಲ್ಲಂಘನೆ ಎಂದು 1996ರ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಧಾರ್ ಕೂಡ ಪೌರತ್ವದ ದಾಖಲೆಯಲ್ಲ, ಇಲ್ಲಿ ವಾಸವಿರುವವರ ಗುರುತು. ಅದು ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ.

ಮೈಸೂರಿಗೆ ಹೊರಡುವಾಗ ಫೈಲಿನಲ್ಲಿ ಇರಬೇಕಾದದ್ದು: ಅವಧಿ ಮುಗಿಯದ ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪ್ರಮಾಣಪತ್ರ, ಎಲ್ಲ ಪುಟದ ಎರಡು ಜೆರಾಕ್ಸ್. ವಾಹನದ ಆರ್‌ಸಿ ಎಂದು ತಪ್ಪು ತಿಳಿಯದಂತೆ ಪೂರ್ತಿ ಹೆಸರು ಹೇಳುವುದು ವಾಸಿ. ಆಧಾರ್, ರೇಷನ್ ಕಾರ್ಡ್ ಇದ್ದರೆ ಅದು, ರೆಫರಲ್ ಚೀಟಿಯ ಮೂಲಪ್ರತಿ, ಹಳೆಯ ವರದಿಗಳು. ವಯಸ್ಸಾದವರ ಜೊತೆ ಕನ್ನಡ ಬಲ್ಲ ಒಬ್ಬರು ಇರಲಿ. ಕಾರ್ಡ್ ಇಲ್ಲವೆಂದು ವಾಪಸ್ ಕಳಿಸಿದರೆ ಜಗಳಕ್ಕೆ ನಿಲ್ಲಬೇಡಿ. ಕಾರಣ ಬರೆದುಕೊಡಿ ಎಂದು ಕೇಳಿ, ವೈದ್ಯಕೀಯ ಅಧೀಕ್ಷಕರ ಕೋಣೆಗೆ ಹೋಗಿ. ಅಲ್ಲೂ ಆಗದಿದ್ದರೆ 104 ಸಹಾಯವಾಣಿಗೆ ದೂರು ಬರೆಸಿ, ದೂರಿನ ನಂಬರನ್ನು ರೆಫರಲ್ ಚೀಟಿಯ ಹಿಂದೆಯೇ ಗುರುತು ಹಾಕಿಕೊಳ್ಳಿ.