ಹಲಗೆ ನೆಲಕ್ಕೆ ಬಿಸಿ: ಫಾಯಿಲ್ ಮ್ಯಾಟ್, ಕಾರ್ಬನ್ ಫಿಲ್ಮ್, ಚಳ್ಳಕೆರೆ ಕಂಬಳಿ

"ಚಿತ್ರದುರ್ಗದಲ್ಲಿ ಕೂತ್ಕೊಂಡು ನೆಲ ಕಾಯಿಸ್ತೀಯಾ? ಏಪ್ರಿಲ್‌ವರೆಗೆ ತಡ್ಕೋ, ಪುಕ್ಕಟೆ ಕಾಯುತ್ತೆ." ಈ ಮಾತು ಹೇಳದ ನೆಂಟರಿಲ್ಲ. ಹೇಳಲಿ ಬಿಡಿ. ದುರ್ಗದ ಬಿಸಿಲು ಎಲ್ಲರಿಗೂ ಗೊತ್ತು, ಗಾಳಿ ಅಷ್ಟಾಗಿ ಗೊತ್ತಿಲ್ಲ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ನಮ್ಮದು ಹಳೇ ಮನೆ. ಮಹಡಿಯ ನೆಲ ಪೂರ್ತಿ ತೇಗದ ಹಲಗೆ, ಕೆಳಗೆ ತೊಲೆ, ಜಂತೆ. ಹಲಗೆ ಸಂದಿಯಿಂದ ಮೇಲೆ ಬರುವ ತಣ್ಣನೆ ಗಾಳಿಗೆ ಕಾಲಿಟ್ಟರೆ ಜುಮ್ ಅನ್ನುತ್ತದೆ. ಅವ್ವನಿಗೆ ಮಂಡಿ ನೋವು. ಹೂ ಕಟ್ಟೋದು, ಅಕ್ಕಿ ಆರಿಸೋದು, ಫೋನಲ್ಲಿ ಮಾತಾಡೋದು ಎಲ್ಲ ನೆಲದ ಮೇಲೆಯೇ. "ಕುರ್ಚಿ ಮೇಲೆ ಕೂರವ್ವಾ" ಅಂದರೆ "ಕುರ್ಚಿ ನಿಮಗಿರಲಿ" ಅನ್ನುತ್ತಾಳೆ.

ಹಲಗೆ ಮೇಲೆ ಲ್ಯಾಮಿನೇಟ್ (ಒಂದಕ್ಕೊಂದು ಸಿಕ್ಕಿಸುವ, ಒತ್ತಿದ ಮರದ ಪುಡಿಯ ಹಲಗೆ) ಹಾಕಿಸೋದು ಮೊದಲೇ ತೀರ್ಮಾನವಾಗಿತ್ತು. ಹೇಗೂ ಹಾಕಿಸುತ್ತೇವಲ್ಲ, ಅಡಿಯಲ್ಲಿ ಕರೆಂಟಿನ ಬಿಸಿಯನ್ನೂ ಕೂರಿಸಿ ನೋಡೋಣ ಅನ್ನಿಸಿತು. ಬೀದಿ ಕಡೆಯ ಕೋಣೆಗೆ ಅಲ್ಯೂಮಿನಿಯಂ ಫಾಯಿಲ್ ಮ್ಯಾಟ್, ಹಿತ್ತಲ ಕಡೆಯ ಕೋಣೆಗೆ ಕಾರ್ಬನ್ ಫಿಲ್ಮ್. ಎರಡರಲ್ಲೂ ಕಾಯುವ ಜಾಗ 6 ಚದರ ಮೀಟರ್. ಬಿಸಿನೀರಿನ ಪೈಪ್ ಬೇಡ ಅಂತ ಶುರುವಿಗೇ ಬಿಟ್ಟೆವು. ಸಾಮಾನ್ಯವಾಗಿ ಪೈಪ್ ಮೇಲೆ ಕಾಂಕ್ರೀಟ್ ಸುರಿಯಬೇಕು, ಆ ಭಾರ ನಮ್ಮ ಜಂತೆಗಳಿಗೆ ಆಗದು. ಹಗುರವಾದ ಬಗೆಯೂ ಇದೆ, ಆದರೆ ಅದಕ್ಕೊಂದು ಬಾಯ್ಲರ್, ಒಂದು ಪಂಪ್. ಎರಡು ಕೋಣೆಗೆ ಅಷ್ಟು ಯಾರಿಗೆ ಬೇಕು?

ಎರಡಕ್ಕೂ ಅಡಿಪಾಯದ ಕೆಲಸ ಒಂದೇ. ನಿಜ ಹೇಳಬೇಕೆಂದರೆ ಮುಕ್ಕಾಲು ಕೆಲಸ ಅದೇ. ಮೊದಲು ಆಚಾರ್ರು ಬಂದು ಒಂದೊಂದು ಹಲಗೆಯನ್ನೂ ತಟ್ಟಿ ನೋಡಿದರು. ಗೆದ್ದಲು ಹಿಡಿದ ಹಲಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಅವನ್ನು ಕಿತ್ತು ಬೇರೆ ಹಾಕಿದರು. ಹಳೇ ಮೊಳೆಗಳನ್ನೆಲ್ಲ ಒಳಗೆ ಹೊಡೆದರು. ಕಿರುಗುಟ್ಟುವ ಕಡೆ ಸ್ಕ್ರೂ ಬಿಗಿದರು, ಉಬ್ಬಿದ ಕಡೆ ಹತ್ತರಿ ಹೊಡೆದರು. ಆಮೇಲೆ 6 ಮಿ.ಮೀ. ಪ್ಲೈವುಡ್ ಹಾಸಿ ರಸಮಟ್ಟ ಇಟ್ಟು ನೋಡಿದೆವು. ಎರಡು ಮೀಟರ್ ಉದ್ದಕ್ಕೆ 3 ಮಿ.ಮೀ. ಗಿಂತ ಜಾಸ್ತಿ ಏರಿಳಿತ ಇರಬಾರದು. ಇದ್ದರೆ ಲ್ಯಾಮಿನೇಟಿನ ಲಾಕ್ ಇವತ್ತಲ್ಲ ನಾಳೆ ಬಿಟ್ಟುಕೊಳ್ಳುತ್ತದೆ. ಅಡಿಯಲ್ಲಿ ವೈರ್ ಬೇರೆ ಇದೆ, ಮತ್ತೆ ಎತ್ತಿ ರಿಪೇರಿ ಮಾಡುವುದು ಸುಲಭವಲ್ಲ.

ಪ್ಲೈವುಡ್ ಮೇಲೆ 6 ಮಿ.ಮೀ. ಗಟ್ಟಿ ಫೋಮಿನ ಕೆಳಹಾಸು. ಅಂಗಡಿಯವರು "ಥರ್ಮೋಕೋಲ್ ಹಾಕ್ಬಿಡಿ ಸಾರ್, ಒಂದೇ" ಅಂದರು. ಒಂದೇ ಅಲ್ಲ. ಥರ್ಮೋಕೋಲ್ ಕಾಲ ತುಳಿತಕ್ಕೆ ಅಮುಕುತ್ತದೆ. ಬೇಕಾಗಿರೋದು ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಹಾಳೆ. ಇದನ್ನು ಬಿಟ್ಟರೆ ಬಿಸಿಯ ಒಂದು ದೊಡ್ಡ ಪಾಲು ಹಲಗೆ ದಾಟಿ ಕೆಳಗಿನ ಪಡಸಾಲೆಗೆ ಹೋಗುತ್ತದೆ. ಕೆಳಗಿಂದ ಜಂತೆಗಳ ನಡುವೆ ರಾಕ್‌ವೂಲ್ (ಶಾಖ ತಡೆಯುವ ಕಲ್ಲಿನ ನಾರು) ತುಂಬಿ ಮುಚ್ಚಿಸಿದರೆ ಇನ್ನೂ ಒಳ್ಳೆಯದು. ನಾವು ಬೀದಿ ಕಡೆ ಕೋಣೆಗೆ ಮಾತ್ರ ಮಾಡಿಸಿದೆವು. ಹಿತ್ತಲ ಕಡೆ ಕೆಳಗೆ ಅಡುಗೆಮನೆ, ಅದರ ಶಾಖ ಹೇಗೂ ಮೇಲೇರುತ್ತದೆ. ಹಾಗಾಗಿ ಎರಡು ಕೋಣೆಗಳ ಹೋಲಿಕೆ ತಕ್ಕಡಿಯಲ್ಲಿ ತೂಗಿದಷ್ಟು ಸಮ ಅಲ್ಲ ಅನ್ನೋದು ನೆನಪಿರಲಿ.

ಈಗ ಫಿಲ್ಮ್. ನೋಡೋಕೆ ಎಕ್ಸ್‌ರೇ ಹಾಳೆ ಥರ. ಎರಡು ಅಂಚಿನಲ್ಲಿ ತಾಮ್ರದ ಪಟ್ಟಿ, ನಡುವೆ ಕಪ್ಪು ಕಾರ್ಬನ್ ಗೆರೆಗಳು. ಸುರುಳಿ ಬಿಚ್ಚಿ, ಗುರುತು ಇರುವ ಕಡೆ ಕತ್ತರಿಸಿ, ಪಟ್ಟಿ ಪಕ್ಕ ಪಟ್ಟಿ ಹಾಸುವುದು. ಹಾಸುವುದು ಹತ್ತು ನಿಮಿಷದ ಕೆಲಸ, ಜೋಡಿಸುವುದು ಇಡೀ ಮಧ್ಯಾಹ್ನದ ಕೆಲಸ. ಪ್ರತಿ ಪಟ್ಟಿಯ ತಾಮ್ರಕ್ಕೂ ಕ್ಲಿಪ್ ಒತ್ತಬೇಕು, ವೈರ್ ಸೇರಿಸಬೇಕು. ಕತ್ತರಿಸಿದ ಪ್ರತಿ ಅಂಚಿಗೂ ಅಂಟು ಟೇಪ್ ಸುತ್ತಬೇಕು. ಆ ಕ್ಲಿಪ್ ಸ್ವಲ್ಪ ದಪ್ಪ, ಅದಕ್ಕೆ ಕೆಳಹಾಸಿನಲ್ಲಿ ಗುಳಿ ಕೊರೆಯಬೇಕು. ವೈರಿಗೂ ಕಾಲುವೆ ಕೊರೆಯಬೇಕು. ಕೊನೆಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ. ಈ ಹಾಳೆಯಿಂದಾಗಿ ಮೊದಮೊದಲು ನಡೆದರೆ ಚರಚರ ಅನ್ನುತ್ತಿತ್ತು, ಈಗ ಕಡಿಮೆಯಾಗಿದೆ. ಹಳೇ ಮನೆಯ ಗೋಡೆ ನೇರ ಇರುವುದಿಲ್ಲ, ಅಲ್ವಾ? ಫಿಲ್ಮಿನ ಪಟ್ಟಿ ನೇರ. ಮೂಲೆಯಲ್ಲಿ ಅಡ್ಡಾದಿಡ್ಡಿ ಜಾಗ ತಣ್ಣಗೇ ಉಳಿಯಿತು.

ಫಾಯಿಲ್ ಮ್ಯಾಟ್ ಬೇರೆ ಜಾತಿ. ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಒಂದೇ ಉದ್ದನೆ ಕೇಬಲ್ ಹಾವಿನಂತೆ ಸುತ್ತಿರುತ್ತದೆ. ಕೇಬಲನ್ನು ಯಾವ ಕಾರಣಕ್ಕೂ ಕತ್ತರಿಸುವ ಹಾಗಿಲ್ಲ. ಫಾಯಿಲ್ ಮಾತ್ರ ಕತ್ತರಿಸಿ ಮ್ಯಾಟನ್ನು ತಿರುಗಿಸಿಕೊಳ್ಳಬಹುದು. ಹಾಗಾಗಿ ಸೊಟ್ಟ ಮೂಲೆಗೂ ಹೊಂದುತ್ತದೆ. ಹೊರಗೆ ಬರುವುದು ಒಂದೇ ವೈರ್. ಒಂದೇ ತೊಂದರೆ, ಅಳತೆ ಮೊದಲೇ ಪಕ್ಕಾ ಇರಬೇಕು. ಉಳಿದರೆ ಕತ್ತರಿಸಿ ಎಸೆಯುವಂತಿಲ್ಲ, ಕಡಿಮೆಯಾದರೆ ಎಳೆಯುವಂತಿಲ್ಲ. ಮಂಚ, ಬೀರು ಕೂರುವ ಜಾಗ ಬಿಟ್ಟು ಉಳಿದದ್ದನ್ನು ಅಳೆದು ಆರ್ಡರ್ ಮಾಡಬೇಕು. ಬೆಲೆಯಲ್ಲಿ ಫಿಲ್ಮ್ ಅಗ್ಗ, ಮ್ಯಾಟ್ ದುಬಾರಿ. ಆದರೆ ಜೋಡಿಸುವ ಕೂಲಿ ಸೇರಿಸಿದರೆ ಆ ಅಂತರ ಅಷ್ಟಿಲ್ಲ.

ಮ್ಯಾಟಿನಲ್ಲಿ ನನಗೆ ಹಿಡಿಸಿದ್ದು ಪರೀಕ್ಷೆ ಮಾಡುವ ಸುಲಭ. ನಮ್ಮದು ಚದರ ಮೀಟರಿಗೆ 140 ವ್ಯಾಟ್‌ನದು, ಒಟ್ಟು 840 ವ್ಯಾಟ್. 230 ವೋಲ್ಟಿಗೆ ಲೆಕ್ಕ ಹಾಕಿದರೆ ಕೇಬಲಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸುಮಾರು 63 ಓಮ್ ಬರಬೇಕು. ಡಬ್ಬಿ ಬಿಚ್ಚಿದಾಗ ಮಲ್ಟಿಮೀಟರ್ ಇಟ್ಟು ನೋಡಿದೆವು, ಹಾಸಿದ ಮೇಲೆ ನೋಡಿದೆವು, ಲ್ಯಾಮಿನೇಟ್ ಮುಗಿದ ಮೇಲೆ ಇನ್ನೊಮ್ಮೆ. ಅಂಕಿ ಬದಲಾಗದಿದ್ದರೆ ಒಳಗೆ ಕೇಬಲ್ ತುಂಡಾಗಿಲ್ಲ ಅಂತ ಅರ್ಥ. ಫಿಲ್ಮಿನಲ್ಲಿ ಪಟ್ಟಿಗಳೆಲ್ಲ ಪ್ಯಾರಲಲ್, ಅಂದರೆ ಒಂದೊಂದಕ್ಕೂ ಕರೆಂಟು ಬೇರೆ ಬೇರೆ ಹರಿಯುತ್ತದೆ, ಒಂದು ಕ್ಲಿಪ್ ಸಡಿಲಾದರೂ ಒಟ್ಟು ಅಂಕಿಯಲ್ಲಿ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಸಡಿಲ ಕ್ಲಿಪ್ ಅಂದರೆ ಅಲ್ಲಿ ಬಿಸಿ. ಅಡಿಯಲ್ಲಿರೋದು ನೂರು ವರ್ಷದ ಒಣ ಮರ. ಈ ವಿಚಾರ ರಾತ್ರಿ ಮಲಗಿದಾಗ ತಲೆಗೆ ಬರುತ್ತದೆ.

ಅರ್ಥಿಂಗ್ ಮಾತು ಇಲ್ಲಿ ಬಂತು ನೋಡಿ. ಮ್ಯಾಟಿನ ಫಾಯಿಲ್ಲೇ ಅರ್ಥಿಗೆ ಸೇರುತ್ತದೆ. ಮುಂದೆ ಯಾರೋ ನೆಲಕ್ಕೆ ಮೊಳೆ ಹೊಡೆದು ಕೇಬಲ್ ಚುಚ್ಚಿದರೆ ಕರೆಂಟು ಆ ಫಾಯಿಲ್ ಹಿಡಿದು ಭೂಮಿಗೆ ಹೋಗುತ್ತದೆ, ಬ್ರೇಕರ್ ಬೀಳುತ್ತದೆ. ನಾವು ತಂದ ಫಿಲ್ಮಿನಲ್ಲಿ ಅಂಥ ಪದರವಿಲ್ಲ. ಅದಕ್ಕೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಒಂದೇ ಕಾವಲು. ಮ್ಯಾಟಿಗೂ ಅದು ಬೇಕೇ ಬೇಕು. ನಮ್ಮ ಹಳೇ ವೈರಿಂಗ್‌ನಲ್ಲಿ ಅರ್ಥ್ ಅನ್ನೋದು ಪ್ಲಗ್ಗಿನ ಮೂರನೇ ತೂತಿಗೆ ಮಾತ್ರ ಇತ್ತು, ಹಿಂದೆ ವೈರೇ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೆಗೆದು, ಇದ್ದಿಲು, ಉಪ್ಪು ಹಾಕಿ ಹೊಸದಾಗಿ ಅರ್ಥಿಂಗ್ ಮಾಡಿಸಬೇಕಾಯಿತು. ಹಳೇ ಮನೆಯವರು ಮ್ಯಾಟ್ ವಿಚಾರಿಸುವ ಮೊದಲು ಇದನ್ನು ನೋಡಿಸಿ.

ಇನ್ನು ಕಾಲಿಗೆ ಹೇಗಿದೆ? ಫಿಲ್ಮ್ ಬೇಗ ಕಾಯುತ್ತದೆ, ನೆಲವೆಲ್ಲ ಒಂದೇ ಸಮ ಬೆಚ್ಚಗಾಗುತ್ತದೆ. ಮ್ಯಾಟ್ ಹಾಕಿದ ಕೋಣೆಯಲ್ಲಿ ಸ್ವಿಚ್ ಹಾಕಿ ಬರಿಗಾಲಲ್ಲಿ ನಡೆದರೆ ಮೊದಲ ಸ್ವಲ್ಪ ಹೊತ್ತು ಬೆಚ್ಚನೆ ಗೆರೆ, ತಣ್ಣನೆ ಗೆರೆ ಬೇರೆ ಬೇರೆ ತಿಳಿಯುತ್ತದೆ. ಅರ್ಧ ಗಂಟೆ ಕಳೆದರೆ ಎರಡೂ ಒಂದೇ. ಬರೀ ಹಿತದ ಮಾತಾದರೆ ನಾನು ಫಿಲ್ಮಿಗೇ ಅಂಕ ಕೊಡುತ್ತೇನೆ. ಇನ್ನೊಂದು, ನಮ್ಮಲ್ಲಿ ವೋಲ್ಟೇಜ್ ಇಳಿಯುವುದುಂಟು. 230 ಇರಬೇಕಾದ್ದು 200ಕ್ಕೆ ಬಂದರೆ ಬಿಸಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಯಾಕೆಂದರೆ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಇದರಲ್ಲಿ ಎರಡಕ್ಕೂ ಭೇದವಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಕಥೆ ಕೆಟ್ಟಿದ್ದು ಅವ್ವ ಕಂಬಳಿ ತಂದು ಹಾಸಿದಾಗ.

ಲ್ಯಾಮಿನೇಟಿಗೆ ಒಂದು ಮಿತಿ ಇದೆ. ಮೇಲ್ಮೈ ಸಾಮಾನ್ಯವಾಗಿ 27 ಡಿಗ್ರಿ ದಾಟಬಾರದು ಅನ್ನುತ್ತಾರೆ ತಯಾರಿಸುವವರು. ಅದನ್ನು ಕಾಯೋಕೆ ಅಂತ ನೆಲದಡಿ ಒಂದು ಸೆನ್ಸರ್, ಗೋಡೆಯಲ್ಲಿ ಥರ್ಮೋಸ್ಟಾಟ್. ಆದರೆ ಸೆನ್ಸರ್‌ಗೆ ಗೊತ್ತಾಗುವುದು ತಾನಿರುವ ಜಾಗದ ಬಿಸಿ ಮಾತ್ರ. ಅವ್ವ ಕೂರುವುದು ಕಿಟಕಿ ಪಕ್ಕ, ಸೆನ್ಸರ್ ಇರುವುದು ಬಾಗಿಲ ಕಡೆ. ಚಳ್ಳಕೆರೆ ಕಂಬಳಿ ಅಂದರೆ ಗೊತ್ತಲ್ಲ, ನಾಡ ಕುರಿಯ ಉಣ್ಣೆ, ಹುಣಸೆ ಬೀಜದ ಗಂಜಿ ತಿಂದು ಗಟ್ಟಿಯಾದ ನೂಲು. ಅವ್ವ ಅದನ್ನು ಎರಡು ಮಡಿಕೆ ಮಾಡಿ ಹಾಸಿ ಕೂತಿದ್ದಳು. ಅವಳು ಎದ್ದು ಹೋದ ಮೇಲೆ ಕಂಬಳಿ ಎತ್ತಿ, ಗನ್ನಿನ ಥರದ ಥರ್ಮಾಮೀಟರ್ ಹಿಡಿದು ನೋಡಿದೆ. ಬಯಲು ನೆಲ 26. ಕಂಬಳಿ ಇದ್ದ ಜಾಗ 34. ಹಿತ್ತಲ ಕೋಣೆಯಲ್ಲಿ ಫಿಲ್ಮಿನ ಮೇಲೆ ಅದೇ ಕಂಬಳಿ ಹಾಸಿ ನೋಡಿದರೂ ಅದೇ ಕಥೆ. ಕೇಬಲ್ಲಾಗಲಿ, ಕಾರ್ಬನ್ನಾಗಲಿ, ಮೇಲೆ ಏನಿದೆ ಅಂತ ನೋಡದೆ ಶಾಖ ತಳ್ಳುತ್ತಲೇ ಇರುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅಲ್ಲೇ ಸೇರಿಕೊಳ್ಳುತ್ತದೆ. ಹಲಗೆ ಒಣಗಿ ಬಿರುಕು ಬಿಡುತ್ತದೆ, ಲ್ಯಾಮಿನೇಟಿನ ಜೋಡಣೆ ತೆರೆದುಕೊಳ್ಳುತ್ತದೆ.

ಜೊತೆಗೆ ಬರುವ ಕೈಪಿಡಿಯಲ್ಲಿ ಬರೆದೇ ಇರುತ್ತದೆ: ದಪ್ಪ ಹಾಸು ಹಾಕಬೇಡಿ, ನೆಲದ ಮೇಲೆ ಹಾಸಿಗೆ ಹಾಕಬೇಡಿ, ಕಾಲಿಲ್ಲದ ಬೀರು ಇಡಬೇಡಿ. ಸೋಫಾ ಮೇಲೆ ಕೂತು, ಮಂಚದ ಮೇಲೆ ಮಲಗಿ, ನೆಲಕ್ಕೆ ಬರೀ ಅಂಗಾಲು ತಾಗಿಸುವವರ ಮನೆಗೆ ಮಾಡಿದ ವಸ್ತು ಇದು. ನಮ್ಮ ಮನೆಯಲ್ಲಿ ನೆಂಟರು ಬಂದರೆ ಎಲ್ಲರಿಗೂ ಕೆಳಗೇ ಹಾಸಿಗೆ. ಹಬ್ಬದಲ್ಲಿ ಜಮಖಾನ ಹಾಸದೆ ಪಂಕ್ತಿ ಕೂರಿಸುತ್ತೀರಾ?

ಹಾಗಾದರೆ ಕೊರಿಯಾದವರು ಶತಮಾನಗಳಿಂದ ಬಿಸಿ ನೆಲದ ಮೇಲೇ ಮಲಗುತ್ತಾರಲ್ಲ ಅಂತ ನನ್ನ ತಮ್ಮ ಕೇಳಿದ. ಸರಿಯಾದ ಪ್ರಶ್ನೆ. ಅವರ ಒಂಡೋಲ್ ನೆಲ ಕಲ್ಲು, ಮಣ್ಣಿನದು. ಒಲೆಯ ಹೊಗೆ ಚಪ್ಪಡಿಯಡಿ ಹಾದು ಹೋಗುತ್ತಿತ್ತು. ಈಗ ಅದು ಸಿಮೆಂಟಿನೊಳಗಿನ ಬಿಸಿನೀರಿನ ಪೈಪ್. ಹಾಸಿಗೆ ಮುಚ್ಚಿದರೆ ಕಲ್ಲಿಗೆ ಏನೂ ಆಗುವುದಿಲ್ಲ, ನೀರಿಗಿಂತ ನೆಲ ಬಿಸಿಯಾಗುವುದೂ ಇಲ್ಲ. ನಮ್ಮದು ಮರ, ಅದರ ಮೇಲೆ ಒತ್ತಿದ ಮರದ ಪುಡಿಯ ಹಲಗೆ, ನಡುವೆ ಕರೆಂಟು. ದೋಷ ಬಿಸಿ ನೆಲದ್ದಲ್ಲ, ಈ ಜೋಡಿಯದ್ದು.

ಆಯಿಲ್ ಹೀಟರನ್ನೂ ತಂದು ನೋಡಿದೆವು. ಕೋಣೆಯ ಗಾಳಿ ಬೆಚ್ಚಗಾಯಿತು, ನೆಲ ತಣ್ಣಗೇ ಇತ್ತು. ಹಳೇ ಬಾಗಿಲ ಸಂದಿಯಿಂದ ಆ ಗಾಳಿಯೂ ಹೊರಗೆ ಹೋಯಿತು. ಅದಕ್ಕಿಂತ ಹೆಚ್ಚು ಹೇಳೋಕೆ ಏನಿಲ್ಲ.

ಖರ್ಚಿನ ಮಾತು. ಬೀದಿ ಕೋಣೆಯ ಮ್ಯಾಟ್ ಪೂರ್ತಿ ಉರಿದರೆ ಗಂಟೆಗೆ 0.84 ಯೂನಿಟ್. ಬೆಳಿಗ್ಗೆ, ಸಂಜೆ ಸೇರಿ ದಿನಕ್ಕೆ ಮೂರು ಗಂಟೆ ಉರಿದರೆ ತಿಂಗಳಿಗೆ 75 ಯೂನಿಟ್ ಹತ್ತಿರ. ಹಿತ್ತಲ ಕಡೆಯದು ಚದರ ಮೀಟರಿಗೆ 150 ವ್ಯಾಟ್, ಹಾಗಾಗಿ ಇನ್ನೂ ತುಸು ಜಾಸ್ತಿ. ಥರ್ಮೋಸ್ಟಾಟ್ ಆಗಾಗ ಆರಿಸುವುದರಿಂದ ನಿಜವಾಗಿ ಇದಕ್ಕಿಂತ ಕಡಿಮೆಯೇ ಬರುತ್ತದೆ. ಆದರೆ ಗೃಹಜ್ಯೋತಿಯಲ್ಲಿರುವ ಮನೆಯವರು ಎಚ್ಚರ. 200 ಯೂನಿಟ್ ದಾಟಿದ ತಿಂಗಳು ಬೆಸ್ಕಾಂಗೆ ಪೂರ್ತಿ ಬಿಲ್ ಕಟ್ಟಬೇಕು. ಎರಡು ಕೋಣೆಯನ್ನೂ ಒಟ್ಟಿಗೆ ಉರಿಸಿದರೆ ಆ ಗೆರೆ ದಾಟೋದು ಕಷ್ಟವೇನಲ್ಲ.

ಅವ್ವನ ಮಟ್ಟಿಗೆ ಗೆದ್ದಿದ್ದು ಕಂಬಳಿ. ಹಲಗೆ ಸಂದಿ ಪ್ಲೈವುಡ್ಡಿನಿಂದ ಮುಚ್ಚಿತು, ಮೇಲೆ ಕೆಳಹಾಸು, ಲ್ಯಾಮಿನೇಟ್ ಬಂತು. ಗಾಳಿ ನಿಂತ ಮೇಲೆ ಒಂದು ಕಂಬಳಿ ಅವಳಿಗೆ ಸಾಕು, ಸ್ವಿಚ್ಚೇ ಬೇಡ. ಅಂದರೆ ಚಳಿಯ ಅರ್ಧ ಪಾಲು ಹೋಗಿದ್ದು ಬಿಸಿಯಿಂದಲ್ಲ, ಅಡಿಯ ಕೆಲಸದಿಂದ. ಅವಳೀಗ ಕೂರುವುದು ಹಿತ್ತಲ ಕೋಣೆಯಲ್ಲಿ, ಅಲ್ಲಿನ ಫಿಲ್ಮಿನ ಬ್ರೇಕರ್ ಇಳಿಸಿಯೇ ಇಟ್ಟಿದ್ದೇವೆ. ಬೀದಿ ಕಡೆಯ ಕೋಣೆಯಲ್ಲಿ ನನ್ನ ಮೇಜು, ಕುರ್ಚಿ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವವನಿಗೆ ಮ್ಯಾಟ್ ನಿಜಕ್ಕೂ ಸುಖ. ಮರದ ನೆಲಕ್ಕೆ ಇವೆರಡರಲ್ಲಿ ಒಂದನ್ನೇ ಹಾಕಿಸಬೇಕು ಅನ್ನುವವರಿಗೆ ನಾನು ಮ್ಯಾಟ್ ಅನ್ನುತ್ತೇನೆ. ಹಿತ ಒಂದು ಕೂದಲಷ್ಟು ಕಡಿಮೆ, ಆದರೆ ಅರ್ಥಿಂಗ್ ಇದೆ, ಒಳಗೆ ಜಾಯಿಂಟುಗಳ ಸಂತೆ ಇಲ್ಲ.

ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನಮ್ಮ ಭಾವ ಇದನ್ನೆಲ್ಲ ನೋಡಿ "ನನಗೂ ಒಂದು ಕೋಣೆಗೆ ಹಾಕಿಸಿಕೊಡು" ಅಂದರು. ಅವರದು ಆರ್‌ಸಿಸಿ, ಮೇಲೆ ಟೈಲ್ಸ್. ಅದಕ್ಕೆ ಫಾಯಿಲ್ ಮ್ಯಾಟೂ ಅಲ್ಲ, ಈ ಫಿಲ್ಮೂ ಅಲ್ಲ. ಟೈಲ್ಸ್ ಅಂಟಿನೊಳಗೆ ಹುದುಗಿಸುವ ಬಲೆಯ ಮ್ಯಾಟ್ ಬೇರೆಯೇ ಬರುತ್ತದೆ, ಟೈಲ್ಸ್‌ಗೆ 27 ಡಿಗ್ರಿಯ ಕಟ್ಟೂ ಇಲ್ಲ. ಮೊದಲು ಯಾವ ಕೋಣೆಯಲ್ಲಿ ಯಾರು ಕೆಳಗೆ ಮಲಗುತ್ತಾರೆ ಅಂತ ಅಕ್ಕನನ್ನು ಕೇಳಿ ಬನ್ನಿ ಅಂದಿದ್ದೇನೆ.